ಸಾಕು ಅನ್ನುವವರೆಗೆ

ಜೂನ್ 2

ಕೆಲಸಕ್ಕೆ ಸೇರಿದ ಮೊದಲ ವಾರವೇ ಬೈಸಿಕೊಂಡೆ. ತಪ್ಪು ನನ್ನದಲ್ಲ, ಅದಕ್ಕೇ ಬರೆದಿಡುತ್ತಿದ್ದೇನೆ.

ಜಿಮ್ಮಿನಲ್ಲಿ ನನ್ನ ಕೆಲಸ ಬೆಂಚು ಒರೆಸುವುದು, ಕನ್ನಡಿ ಒರೆಸುವುದು, ಚೆಲ್ಲಾಪಿಲ್ಲಿಯಾದ ಭಾರದ ಪ್ಲೇಟುಗಳನ್ನು ಅದರದರ ಜಾಗಕ್ಕೆ ಸೇರಿಸುವುದು. ಬಾಯಿ ಬಿಡುವುದು ಅದರಲ್ಲಿ ಸೇರಿಲ್ಲ. ಆದರೆ ಬೆಳಗಿನ ಗುಂಪಿನಲ್ಲಿ ಬ್ಯಾಂಕಿನವರೊಬ್ಬರು ಕಬ್ಬಿಣದ ಬಾರನ್ನು ಕತ್ತಿನ ಹಿಂದಕ್ಕೆ ಇಳಿಸಿ ಮೇಲೆತ್ತುತ್ತಿದ್ದರು. ಪ್ರತಿ ಸಲ ಇಳಿಸುವಾಗಲೂ ತಲೆ ಮುಂದಕ್ಕೆ ಜೋಲುತ್ತಿತ್ತು, ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

"ಸರ್, ನೋಯ್ತಿದೆಯಾ?" ಎಂದೆ.

"ಸ್ವಲ್ಪ ಚುಚ್ಚುತ್ತೆ. ಅಭ್ಯಾಸ ಆಗುತ್ತೆ."

"ಅಭ್ಯಾಸ ಆಗಲ್ಲ ಸರ್, ಸವೆಯುತ್ತೆ. ಬಾರನ್ನ ಮುಂದಕ್ಕೆ ತಂದು ಗದ್ದದ ಕೆಳಗಿಂದ ಎತ್ತಿ."

ಮಾಸ್ಟರ್ ಆ ಮೂಲೆಯಿಂದಲೇ ಕೂಗಿದರು. ಜಿಮ್ಮು ಅವರದೇ, ತರಬೇತಿಯೂ ಅವರದೇ. "ನೋಡ್ರಪ್ಪಾ, ಇವತ್ತಿಂದ ಪೊರಕೆ ಪಾಠ ಮಾಡುತ್ತಂತೆ!" ಎಲ್ಲರೂ ನಕ್ಕರು. ಬ್ಯಾಂಕಿನವರು ಎಲ್ಲರಿಗಿಂತ ಜೋರಾಗಿ ನಕ್ಕು, ನನ್ನನ್ನೇ ನೋಡುತ್ತ ಇನ್ನೊಂದು ಪ್ಲೇಟು ಏರಿಸಿಕೊಂಡರು.

ನಾನು ಊಹೆಯಿಂದ ಹೇಳಿದ್ದಲ್ಲ. ಇಲ್ಲಿಗೆ ಬರುವ ಮುಂಚೆ ಫಿಸಿಯೋ ಮೇಡಂ ಅವರ ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ಸಾಲಾಗಿ ಒಳಗೆ ಕಳಿಸುತ್ತಿದ್ದೆ. ಅಲ್ಲೊಂದು ಪ್ಲಾಸ್ಟಿಕ್ಕಿನ ಭುಜವಿತ್ತು. ಪುರುಸೊತ್ತಿದ್ದಾಗ ಮೇಡಂ ಅದನ್ನು ಬಿಚ್ಚಿ ಜೋಡಿಸಿ ತೋರಿಸುತ್ತಿದ್ದರು. ಸೊಂಟದ ಕೀಲು ಬಟ್ಟಲಲ್ಲಿ ಕೂತ ಚೆಂಡಾದರೆ ಭುಜದ್ದು ತಟ್ಟೆಯ ಮೇಲೆ ಕೂತ ಚೆಂಡು. ಅದು ಜಾರದಂತೆ ಹಿಡಿದಿರುವುದು ನಾಲ್ಕು ಸಣ್ಣ ಸ್ನಾಯುಗಳು. ಕನ್ನಡಿಯಲ್ಲಿ ಉಬ್ಬಿ ಕಾಣುವುದು ಬೇರೆ. ಇವು ಕಾಣುವುದೇ ಇಲ್ಲ, ಹಾಗಾಗಿ ಯಾರೂ ವಿಚಾರಿಸುವುದಿಲ್ಲ. ಕೈಯನ್ನು ಹಿಂದಕ್ಕೆ ತಿರುಚಿ ಭಾರ ಹೊರಿಸಿದರೆ ಇವುಗಳ ಮೇಲೆ ಎಳೆತ ಬೀಳುತ್ತದೆ. ಕೆಲವರಿಗೆ ಏನೂ ಆಗುವುದಿಲ್ಲ. ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ. ಇನ್ನೂ ಒಂದು ಹೇಳಿದ್ದರು: ಇನ್ನೊಬ್ಬರು ಎತ್ತಿದರೆ ಏರುವ ಕೈ ತಾನಾಗಿಯೂ ಏರುತ್ತದೆ ಎಂದು ತಿಳಿಯಬಾರದು.

ಕ್ಲಿನಿಕ್ಕಿಗೆ ಬಂದ ಒಬ್ಬ ಅಜ್ಜ ಕೇಳಿದಾಗ "ನಿಮ್ಮ ಕೈ ಮೊದಲಿನ ಹಾಗೆ ಆಗಲ್ಲ" ಎಂದುಬಿಟ್ಟೆ. ಅಲ್ಲಿಂದ ಬಿಡಿಸಿದ್ದು ಅದಕ್ಕೇ. "ನೀನು ಹೇಳಿದ್ದು ಸುಳ್ಳಲ್ಲ," ಎಂದರು ಮೇಡಂ, "ಆದ್ರೆ ಅವರು ಬಂದಿದ್ದು ಅದನ್ನ ಕೇಳೋಕಲ್ಲ." ಹಾಗಾದರೆ ಏನು ಕೇಳೋಕೆ ಬಂದಿದ್ದರು? ಶಾಲೆ ಬಿಟ್ಟದ್ದೂ ಇಂಥದ್ದಕ್ಕೇ. ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಮಾಡಿದರು, ಹೇಳಿದೆ, ಕ್ಷಮೆ ಕೇಳು ಎಂದರು, ಕೇಳಲಿಲ್ಲ.

ಜೂನ್ 9

ಅಣ್ಣ ಚಪ್ಪಲಿ ಬಿಡುವ ಮುಂಚೆಯೇ ಹೇಳಿದ: "ಪುಟ್ಟಿ, ಕರೆದಿದ್ದಾರೆ. ಸೆಪ್ಟೆಂಬರಲ್ಲಿ."

ಅಗ್ನಿಶಾಮಕ ದಳದ ಪರೀಕ್ಷೆ. ವಯಸ್ಸಿನ ಮಿತಿ ಮುಗಿಯುತ್ತಿದೆ, ಇದೇ ಕೊನೆಯ ಸಲ. ಓಟ, ಹಗ್ಗ, ಎಲ್ಲ ಅವನಿಗೆ ನೀರು ಕುಡಿದಷ್ಟು ಸುಲಭ. ಉಳಿದದ್ದು ಏಣಿ. ಅದನ್ನು ಒಬ್ಬನೇ ತಲೆಯ ಮೇಲೆತ್ತಿ ಗೋಡೆಯ ಕೊಕ್ಕೆಗೆ ಸಿಕ್ಕಿಸಬೇಕು. ಕಳೆದ ಸಲ ಅರ್ಧಕ್ಕೆ ಎತ್ತಿ ಬಿಟ್ಟ. ಏಣಿಯ ಕೊಂಡಿ ತುಕ್ಕು ಹಿಡಿದಿತ್ತು, ಕೈಗೆ ಕಚ್ಚಿತು ಎಂದು ಮನೆಯಲ್ಲಿ ಹೇಳಿದ. ನಿಜ ಹೇಳಿದ್ದು ನನಗೊಬ್ಬಳಿಗೆ. "ಹೆದರಿಕೆ ಆಯ್ತು ಪುಟ್ಟಿ. ಮೇಲಿಂದ ಬೀಳುತ್ತೆ ಅನ್ನಿಸ್ತು, ಬಿಟ್ಟೆ. ಯಾರಿಗೂ ಹೇಳಬೇಡ." ಯಾರೂ ಕೇಳಿಲ್ಲ. ಹಾಗಾಗಿ ನಾನು ಸುಳ್ಳು ಹೇಳುವ ಪ್ರಸಂಗವೂ ಬಂದಿಲ್ಲ.

ಅವನು ಪೀಠೋಪಕರಣದ ಗೋದಾಮಿನಲ್ಲಿ ಬೀರು, ಮಂಚ ಹೊರುತ್ತಾನೆ. ಬೆನ್ನು ಗಟ್ಟಿ, ಕಾಲು ಗಟ್ಟಿ. ಕೈ ತಲೆಯ ಮೇಲೆ ಹೋದರೆ ಮಾತ್ರ ಹೊಸದಾಗಿ ಕೊಂಬು ಬಂದ ಕರುವಿನ ಹಾಗೆ ಒದ್ದಾಡುತ್ತಾನೆ.

"ನೀನೇ ಹೇಳಿಕೊಡು," ಎಂದ. "ಜಿಮ್ಮಲ್ಲಿ ಪೊರಕೆ, ಮನೆಯಲ್ಲಿ ಹೆಡ್‌ಮಾಸ್ಟ್ರು."

ಬ್ರೆಡ್ ಕಾರ್ಖಾನೆಯ ಪಾಳಿ ಮುಗಿಸಿ ಬಂದ ಅಮ್ಮ ಕೂದಲಿನಿಂದ ಹಿಟ್ಟು ಕೊಡವುತ್ತ, "ಒಬ್ಬಳಿಗೆ ಬಾಯಿ ಹೆಚ್ಚು, ಒಬ್ಬನಿಗೆ ಭುಜ ಕಡಿಮೆ. ಇಬ್ಬರನ್ನೂ ಕಲಸಿ ಒಂದು ಮಾಡಿದ್ರೆ ಒಂದು ಸರಿಯಾದ ಮಗು ಆಗ್ತಿತ್ತು," ಎಂದಳು.

ಜೂನ್ 12

ಮನೆಯ ಮಾಳಿಗೆಯ ಮೇಲೆ ಶುರು ಮಾಡಿದೆವು. ಮೊಣಕೈ ಪಕ್ಕೆಗೆ ಒತ್ತಿ, ನಡುವೆ ಸುತ್ತಿದ ಟವೆಲ್ ಇಟ್ಟು, ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು. ಟವೆಲ್ ಬಿದ್ದರೆ ಮೊದಲಿಂದ. ಆಮೇಲೆ ನೀರಿನ ಬಾಟಲಿ ಹಿಡಿದು ಕೈ ಪಕ್ಕಕ್ಕೆತ್ತುವುದು; ಪೂರ್ತಿ ಪಕ್ಕಕ್ಕಲ್ಲ, ಸ್ವಲ್ಪ ಮುಂದಕ್ಕೆ, ಹೆಬ್ಬೆರಳು ಮೇಲಕ್ಕೆ, ಭುಜದ ಮಟ್ಟಕ್ಕೆ ನಿಲ್ಲಿಸಬೇಕು. ತಳ್ಳಿದಷ್ಟೂ ಎಳೆಯಬೇಕು ಎನ್ನುವುದು ಮೇಡಂ ಮಾತು. ಎದೆಯ ಕಡೆಯದೊಂದೇ ಬಲವಾದರೆ ಭುಜ ಮುಂದಕ್ಕೆ ಬಾಗುತ್ತದೆ.

"ಗೋದಾಮಿನವರು ನೋಡಿದ್ರೆ ಮರ್ಯಾದೆ ಹೋಗುತ್ತೆ ಕಣೇ. ಬೀರು ಹೊರೋನು ಬಾಟಲಿ ಹಿಡ್ಕೊಂಡು ಹಕ್ಕಿ ಥರ ಹಾರ್ತಿದಾನೆ ಅಂತಾರೆ."

"ಹಾರು. ಚುಚ್ಚಿದ್ರೆ ಮಾತ್ರ ತಕ್ಷಣ ಹೇಳು. ಸುಸ್ತು ಬೇರೆ, ಚುಚ್ಚೋದು ಬೇರೆ."

"ಚುಚ್ಚಿದ್ರೆ ನಿನಗೇ ಮೊದಲು ಹೇಳ್ತೀನಿ."

ಜುಲೈ 6

ಎತ್ತಿದ!

ಗೋದಾಮಿನ ಹಿಂದೆ ಉದ್ದನೆಯ ಕಬ್ಬಿಣದ ಏಣಿಯಿದೆ. ಪರೀಕ್ಷೆಯದಕ್ಕಿಂತ ಭಾರ ಎಂದು ಅವನೇ ಹೇಳಿದ. ಮೊಣಕೈ ಮುಂದೆ, ಪಕ್ಕೆಲುಬು ಕೆಳಗೆ, ನಿಧಾನಕ್ಕೆ ಉಸಿರು ಬಿಟ್ಟು ಮೇಲಕ್ಕೆ. ತಲೆಯ ಮೇಲೆ ಹಿಡಿದು ನಿಂತ. ನಾನು "ಇಳಿಸು, ಇಳಿಸು" ಎನ್ನುತ್ತಿದ್ದರೂ ನಿಂತೇ ಇದ್ದ, ಹಲ್ಲು ಬಿಟ್ಟುಕೊಂಡು.

"ಹೆದರಿಕೆ?"

"ಎಲ್ಲಿಗೋ ಹೋಗಿದೆ. ವಿಳಾಸ ಕೊಟ್ಟು ಹೋಗಿಲ್ಲ."

ಇಷ್ಟು ದಿನ ಅಭ್ಯಾಸ ಮಾಡಿಸಿದ್ದು ಹಗುರ ಭಾರದಲ್ಲೇ. ಮೇಡಂಗೆ ಹೋಗಿ ಹೇಳಬೇಕು ಅನ್ನಿಸಿತು. ಹೋಗಲಿಲ್ಲ.

ಜುಲೈ 14

ಕಿರಾಣಿ ಅಂಗಡಿಯವರು ಕನ್ನಡಿಯ ಮುಂದೆ ನಿಂತು "ಹೇಗಿದ್ದೀನಿ?" ಎಂದು ಎಲ್ಲರನ್ನೂ ಕೇಳುತ್ತಿದ್ದರು. ಎಲ್ಲರೂ ಸೂಪರ್ ಎನ್ನುತ್ತಿದ್ದರು. ನನ್ನನ್ನೂ ಕೇಳಿದರು. "ಮೂಟೆಗೆ ಬನಿಯನ್ ಹಾಕಿದ ಹಾಗಿದ್ದೀರಿ," ಎಂದೆ. ನೋಡಿದ್ದನ್ನು ಹೇಳಿದೆ. ಅವರ ಮುಖ ಕೆಂಪಾಯಿತು, ಕಣ್ಣಲ್ಲಿ ನೀರೂ ಬಂತು. ಕೆಲಸ ಹೋಯಿತು ಎಂದುಕೊಂಡೆ. ಅವರು ಸೀದಾ ಬೆಂಚಿಗೆ ಹೋಗಿ ಎಂದೂ ಮಾಡದಷ್ಟು ಮಾಡಿದರು.

ಮಾಸ್ಟರ್ ಕರೆದರು. "ನಿನ್ನ ಹೆಸರು ಬೇಡ. ಮೆಣಸಿನಕಾಯಿ ಅಂತ ಕರೀತೀನಿ. ಪೊರಕೆ ಕೆಳಗಿಡು." ಕೊರಳಿಗೆ ಸೀಟಿ ಹಾಕಿದರು. "ನಾನು ಬೈದ್ರೆ ಮಾಸ್ಟರ್ ದುಡ್ಡಿಗೆ ಬೈತಾನೆ ಅಂತಾರೆ. ನೀನು ಬೈದ್ರೆ ನಿಜ ಅಂದ್ಕೋತಾರೆ."

ಮೊದಲ ಸಲ ಯಾರೋ ನನಗೆ ನಿಜ ಹೇಳುವ ಕೆಲಸ ಕೊಟ್ಟಿದ್ದಾರೆ.

ಜುಲೈ 15

ಸೀಟಿಯ ಸದ್ದು ತುಂಬ ಚೆನ್ನಾಗಿದೆ.

ಜುಲೈ 28

ಅಣ್ಣನೂ ಈಗ ಬೆಳಗಿನ ಗುಂಪಿನಲ್ಲಿ. ಮಾಸ್ಟರೇ ಕರೆದರು. ತಂಗಿ ಸೀಟಿ ಹಿಡಿದು ಅಣ್ಣ ಮಾಳಿಗೆಯ ಮೇಲೆ ಬಾಟಲಿ ಹಿಡಿದರೆ ನಗೆಪಾಟಲು ಎಂದರು. ಅದೂ ನಿಜವೇ.

ಈ ಗುಂಪಿನ ನಿಯಮ ಬರೆದಿಡಬೇಕು. ಕನ್ನಡಿಯ ಮೇಲೆ, ತಗ್ಗು ಚಾವಣಿಯ ಹತ್ತಿರ, ಎಲ್ಲರ ಫೋಟೊ ಮೊಳೆಗೆ ತೂಗುತ್ತದೆ. ಭಾರ ಎತ್ತುವವನ ಹಿಂದೆ ಒಬ್ಬರು ನಿಂತು ಬಾರಿನ ಕೆಳಗೆ ಬೆರಳಿಟ್ಟಿರಬೇಕು, ಮುಟ್ಟಬಾರದು. ಎತ್ತುವವನು "ಸಾಕು" ಅಂದರಷ್ಟೇ ಬಾರು ಹಿಡಿದುಕೊಳ್ಳಬೇಕು. ಸಾಕು ಅಂದವನ ಫೋಟೊ ಒಂದು ವಾರ ಗೋಡೆಗೆ ಮುಖ ಮಾಡಿ ತೂಗುತ್ತದೆ.

ಇವತ್ತು ಕಾಲೇಜಿನ ಹುಡುಗನೊಬ್ಬ ಸಾಕು ಅಂದ. ನಾನೇ ತುದಿಗಾಲಲ್ಲಿ ನಿಂತು ಅವನ ಫೋಟೊ ತಿರುಗಿಸಿದೆ. ಅವನು ಚೀಲ ತೆಗೆದುಕೊಂಡು ಹೋದ, ನೀರಿನ ಬಾಟಲಿ ಇಲ್ಲೇ ಬಿಟ್ಟ. ಮೊದಲು ಪಾಪ ಅನ್ನಿಸಿತು. ಆಮೇಲೆ ಯೋಚಿಸಿದೆ: ಸಾಕು ಅಂದದ್ದು ಅವನೇ ತಾನೆ? ಫೋಟೊ ಸುಳ್ಳು ಹೇಳುತ್ತಿಲ್ಲ.

ಅಣ್ಣ ದಾರಿಯಲ್ಲಿ, "ಇದೆಂಥ ನಿಯಮನೇ?" ಎಂದ.

"ಪರೀಕ್ಷೆಯಲ್ಲಿ ಏಣಿ ಬಿಟ್ರೆ ನಿನ್ನ ಫೋಟೊ ತಿರುಗಿಸ್ತಾರಾ? ಹೆಸರೇ ತೆಗೀತಾರೆ."



ಆಗಸ್ಟ್ 11

ರಬ್ಬರ್ ಪಟ್ಟಿ ಬಿಟ್ಟೆವು. ಹೊತ್ತಿಲ್ಲ. ಎಳೆಯುವ ವ್ಯಾಯಾಮವನ್ನೂ ಮಾಸ್ಟರ್ ಕಡಿಮೆ ಮಾಡಿಸುತ್ತಾರೆ. ಬೆನ್ನು ಕನ್ನಡಿಯಲ್ಲಿ ಕಾಣುವುದಿಲ್ಲವಲ್ಲ. ಅಣ್ಣ ಈಗ ಕತ್ತಿನ ಹಿಂದಿನ ಪ್ರೆಸ್ ಮಾಡುತ್ತಾನೆ, ಎಲ್ಲರ ಹಾಗೆ. ಬ್ಯಾಂಕಿನವರು ಇಷ್ಟು ದಿನದಿಂದ ಮಾಡುತ್ತಿದ್ದಾರೆ, ಅವರಿಗೇನಾಗಿದೆ? ಬಲಗೈಯಲ್ಲಿ ಚಹಾದ ಲೋಟ ಹಿಡಿಯುವುದಿಲ್ಲ, ಅಷ್ಟೆ. ಎಡಗೈ ಇದೆ.

ಅಣ್ಣ ಬಲಭುಜ ಚುಚ್ಚುತ್ತದೆ ಎಂದ. ಎಲ್ಲಿ ಎಂದೆ. ಮುಂಭಾಗದಲ್ಲಿ ಬೆರಳಿಟ್ಟು ತೋರಿಸಿದ. ಕಾರ್ಖಾನೆಯಲ್ಲಿ ಅಮ್ಮ ದಿನವಿಡೀ ಬ್ರೆಡ್ಡಿನ ತಟ್ಟೆ ಎತ್ತುತ್ತಾಳೆ, ಅವಳಿಗೂ ಚುಚ್ಚುತ್ತದೆ, ಅವಳು ಎಂದಾದರೂ ಹೇಳಿದ್ದು ಕೇಳಿಸಿದೆಯಾ ಎಂದೆ.

ಆಗಸ್ಟ್ 12

ನನ್ನ ಫೋಟೊ ಮೇಲೇರಿತು. ಕೊನೆಯ ಸಾಲು, ಬಾಗಿಲಿನ ಹತ್ತಿರ. ಸೀಟಿ ಬಾಯಲ್ಲಿದೆ.

ಆಗಸ್ಟ್ 24

ಔಷಧದ ಅಂಗಡಿಯ ಮುಂದೆ ಫಿಸಿಯೋ ಮೇಡಂ ಸಿಕ್ಕರು. ಜೊತೆಗೆ ಅಣ್ಣನಿದ್ದ. ಅವನು ಚಿಲ್ಲರೆಗೆ ಕೈ ಚಾಚಿದ ರೀತಿ ನೋಡಿದ್ದೇ ತಡ, "ಯಾವಾಗಿಂದ ಹೀಗೆ?" ಎಂದರು. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ ಎಂದ. ನನಗೆ ಹೇಳಿರಲಿಲ್ಲ.

"ತಲೆ ಮೇಲೆ ಎತ್ತೋದು ನಿಲ್ಲಿಸಿ. ನಾಳೆ ಬನ್ನಿ, ನೋಡ್ತೀನಿ. ಈಗ ನಿಲ್ಲಿಸಿದ್ರೆ ಪರೀಕ್ಷೆ ಹೊತ್ತಿಗೆ ಸರಿಹೋಗಬಹುದು." ಆಮೇಲೆ ನನ್ನ ಕಡೆ ತಿರುಗಿ, "ನೀನು ಇದ್ದೂ ಹೀಗಾಯ್ತಾ?"

ಮನೆಗೆ ಬರುವಾಗ ಅಣ್ಣನನ್ನು ಕೇಳಿದೆ: "ಚುಚ್ಚಿದ್ರೆ ನನಗೇ ಮೊದಲು ಹೇಳ್ತೀನಿ ಅಂದಿದ್ದೆಯಲ್ಲ?"

"ಹೇಳಿದ್ನಲ್ಲ ಪುಟ್ಟಿ. ನೀನು ಅಮ್ಮನ ತಟ್ಟೆ ವಿಷಯ ಹೇಳಿದೆ."

ನಾಳೆ ಹೋಗುವುದು ಬೇಡ ಎಂದೆ. ಮೇಡಂ ಎಲ್ಲರಿಗೂ ನಿಲ್ಲಿಸಿ ಎಂದೇ ಹೇಳುವುದು, ನಿಲ್ಲಿಸುವವರಿಂದಲೇ ಅವರ ಕ್ಲಿನಿಕ್ಕು ನಡೆಯುವುದು. ಇದು ಮಾಸ್ಟರ್ ಹೇಳಿದ ಮಾತು, ಆದರೆ ಯೋಚಿಸಿದರೆ ಸರಿಯಾಗಿದೆ.

ಸೆಪ್ಟೆಂಬರ್ 5

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಜಿಮ್ಮಿಗೆ ಹೊಸ ಬೋರ್ಡು ಬರೆಸುತ್ತಿದ್ದಾರೆ. ಅದಕ್ಕೆ ದೊಡ್ಡ ಫೋಟೊ ಬೇಕು ಎಂದರು ಮಾಸ್ಟರ್. "ಅಣ್ಣ ಎತ್ತೋದು, ಹಿಂದೆ ತಂಗಿ ನಿಲ್ಲೋದು. ಕತ್ತಿನ ಹಿಂದಿನ ಪ್ರೆಸ್. ಊರೆಲ್ಲ ಬಾಯಿ ಬಿಡಬೇಕು." ಪ್ಲೇಟು ಏರಿಸಿದರು. ಅಣ್ಣ ಎಂದೂ ಎತ್ತದ ಭಾರ.

ಅಣ್ಣ, "ಮಾಸ್ಟರ್, ಇವತ್ತು ಬೇಡ. ಬಲಗಡೆ ಹಿಡಿಯುತ್ತೆ. ಬೇಕಿದ್ರೆ ಮುಂದಿಂದ ಎತ್ತಿ ತೋರಿಸ್ತೀನಿ," ಎಂದ.

ಮಾಸ್ಟರ್ ನನ್ನ ಕಡೆ ನೋಡಿದರು. "ಏನಮ್ಮಾ ಮೆಣಸಿನಕಾಯಿ, ನಿಜವಾ?"

ಇಡೀ ಗುಂಪು ನನ್ನ ಕಡೆ ತಿರುಗಿತು. ಆ ಕೋಣೆಯಲ್ಲಿ ನನ್ನ ಮಾತನ್ನು ನಂಬದವರಿಲ್ಲ. ಹಾಗಾಗಿ ಗೊತ್ತಿದ್ದಷ್ಟನ್ನೇ ಹೇಳಿದೆ. "ಹಿಡಿಯುತ್ತೋ ಇಲ್ವೋ ಒಳಗೆ ಹೋಗಿ ನೋಡೋಕಾಗಲ್ಲ. ಆದ್ರೆ ಹೋದ ಸಲ ಪರೀಕ್ಷೆಯಲ್ಲಿ ಏಣಿ ಕೊಂಡಿಗೆ ತುಕ್ಕು ಹಿಡಿದಿತ್ತು ಅಂದಿದ್ದ. ಹಿಡಿದಿರಲಿಲ್ಲ. ಹೆದರಿ ಕೈ ಬಿಟ್ಟಿದ್ದ."

ಕಿರಾಣಿ ಅಂಗಡಿಯವರು, "ಬೆಂಕಿ ಆರಿಸೋಕೆ ಹೊರಟೋನು ಏಣಿಗೆ ಹೆದರಿದನಂತೆ!" ಎಂದರು. ಬೆಂಚುಗಳು ಅಲುಗಾಡುವಷ್ಟು ನಕ್ಕರು.

ಅಣ್ಣ ನನ್ನನ್ನು ನೋಡಲಿಲ್ಲ. ಹೋಗಿ ಬೆಂಚಿನ ಮೇಲೆ ಕೂತ, ಬಾರು ಜಾರದಂತೆ ಕೈಗೆ ಪುಡಿ ಹಚ್ಚಿಕೊಂಡ. ನಾನು ಹಿಂದೆ ನಿಂತು ಬಾರಿನ ಕೆಳಗೆ ಬೆರಳಿಟ್ಟೆ.

ಮೊದಲನೆಯದು ಹೋಯಿತು. ಎರಡನೆಯದು ಇಳಿಸುವಾಗ ಬಲಭುಜ ಕಿವಿಯ ಹತ್ತಿರಕ್ಕೆ ಸರಿದಿತ್ತು. ಸಣ್ಣ ಸ್ನಾಯುಗಳು ಕೈಬಿಟ್ಟಾಗ ಭುಜ ಹಾಗೆ ಮೇಲೆ ಸರಿಯುತ್ತದೆ. ನನಗೆ ಗೊತ್ತಾಯಿತು. ಕನ್ನಡಿಯಲ್ಲಿ ಅವನ ಕಣ್ಣು ನನ್ನ ಕಣ್ಣನ್ನು ಹಿಡಿದುಕೊಂಡಿತು. ಬಾಯಿ ತೆರೆದಿತ್ತು. ಆ ಪದಕ್ಕೆ ಕಾದೆ. ಕೇಳಿಸಲಿಲ್ಲ ಎಂದಲ್ಲ, ಅವನು ಅನ್ನಲೇ ಇಲ್ಲ. ಮಾಸ್ಟರ್ "ಎತ್ತೂ!" ಎಂದು ಕೂಗಿದರು. ನಾನು ಸೀಟಿ ಊದಿದೆ.

ಒದ್ದೆ ಬಟ್ಟೆ ಹರಿದ ಸದ್ದು. ಬಾರು ಒಂದು ಕಡೆಗೆ ವಾಲಿ ನೆಲಕ್ಕೆ ಬಿತ್ತು.

ಫೋಟೊ ತೆಗೆಯುವವನು ಅದನ್ನೂ ತೆಗೆದಿದ್ದಾನೆ.

ಸೆಪ್ಟೆಂಬರ್ 6

ಆಸ್ಪತ್ರೆ. ಮೂಳೆಯಿಂದ ಸ್ನಾಯು ಕಿತ್ತು ಬಂದಿದೆ, ಹೊಲಿಯಬೇಕು. ಮೊದಲಿನ ಬಲ ಬರುವುದಿಲ್ಲ. ಏಣಿಯ ಮಾತಿರಲಿ, ಬೀರು ಹೊರುವ ಕೆಲಸವೂ ಕಷ್ಟ ಎಂದರು ಡಾಕ್ಟರು. ಅಮ್ಮ ಅದನ್ನು ನಿಂತೇ ಕೇಳಿದಳು. ಕಾರ್ಖಾನೆಯ ಟೋಪಿ ತಲೆಯ ಮೇಲೇ ಇತ್ತು.

ಹೊರಗೆ ಬಂದು ನನ್ನ ಎರಡೂ ಕೈ ಹಿಡಿದಳು. "ಅಷ್ಟು ಹತ್ತಿರ ಇದ್ದೆ. ಯಾಕೆ ಹಿಡ್ಕೊಳ್ಳಲಿಲ್ಲ?"

"ಅವನು ಸಾಕು ಅನ್ನಲಿಲ್ಲಮ್ಮಾ."

ಅಮ್ಮ ನನ್ನ ಕೈಗಳನ್ನು ಮೆಲ್ಲಗೆ ಕೆಳಗಿಟ್ಟಳು, ಬೇರೆಯವರ ವಸ್ತುವನ್ನು ಇಟ್ಟ ಹಾಗೆ.

ಸೆಪ್ಟೆಂಬರ್ 9

ಗುಂಪಿನವರು ಅಣ್ಣನ ಫೋಟೊ ತಿರುಗಿಸಲು ಹೋದರು. ನಾನು ಬಿಡಲಿಲ್ಲ. ಅವನು ಸಾಕು ಅಂದಿಲ್ಲ. ಕೊನೆಯವರೆಗೂ ಅನ್ನಲಿಲ್ಲ. ನನ್ನ ಅಣ್ಣನಿಗೆ ಅನ್ಯಾಯವಾಗಲು ಬಿಡುವುದಿಲ್ಲ ಎಂದೆ. ಎಲ್ಲರೂ ಕೈ ಹಿಂದೆಗೆದರು.

ಮನೆಗೆ ಬಂದು ಅಣ್ಣನಿಗೆ ಹೇಳಿದೆ. ಖುಷಿಯಾಗುತ್ತಾನೆ ಎಂದುಕೊಂಡಿದ್ದೆ. ಗೋಡೆಯ ಕಡೆ ತಿರುಗಿಕೊಂಡ.

ಸೆಪ್ಟೆಂಬರ್ 20

ಪರೀಕ್ಷೆಯ ದಿನ. ಬೆಳಿಗ್ಗೆ ಎದ್ದು ಎಂದಿನ ಹಾಗೆ ಶೂ ಹಾಕಿಕೊಂಡು ಕೂತಿದ್ದ. ಎಡಗೈಯಲ್ಲಿ ಲೇಸು ಕಟ್ಟಲು ಬರಲಿಲ್ಲ. ಅಮ್ಮ ಕಟ್ಟಿದಳು. ಆಮೇಲೆ ಸಂಜೆ ಅವಳೇ ಬಿಚ್ಚಿದಳು. ಅವನು ಎಲ್ಲಿಗೂ ಹೋಗಿರಲಿಲ್ಲ.

ಅಕ್ಟೋಬರ್ 3

ಫಿಸಿಯೋ ಮೇಡಂ ಮನೆಗೇ ಬಂದು ಅವನ ಕೈ ಆಡಿಸುತ್ತಾರೆ. ಕೇಳದೆ ಬರುತ್ತಾರೆ. ಹೋಗುವಾಗ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಅಲ್ಲಿದ್ದವರಲ್ಲಿ ನಿನಗೊಬ್ಬಳಿಗೇ ಗೊತ್ತಿತ್ತು," ಎಂದರು.

"ಗೊತ್ತಿತ್ತು," ಎಂದೆ. ಸುಳ್ಳೇಕೆ ಹೇಳಲಿ? ಅವರು ಇನ್ನೇನಕ್ಕೋ ಕಾಯುತ್ತಿದ್ದ ಹಾಗೆ ನಿಂತರು. ಇನ್ನೇನೂ ಇರಲಿಲ್ಲ.

ಅವರು ಎತ್ತಿದಾಗ ಅಣ್ಣನ ಕೈ ಭುಜದ ಮಟ್ಟದವರೆಗೂ ಬಂದದ್ದನ್ನು ನಾನು ಕಣ್ಣಾರೆ ನೋಡಿದೆ. ಅಂದರೆ ಏರುತ್ತದೆ. ಆದರೆ ಅಂಗಿ ಹಾಕಲು ಅಮ್ಮ ಬೇಕು, ತಲೆ ಬಾಚಲು ಅಮ್ಮ ಬೇಕು. ಅಮ್ಮ ಪಾಳಿಗೆ ಹೋದ ಮೇಲೆ ಅವನ ಮುಂದೆ ನಿಂತೆ.

"ಎತ್ತು."

"ಆಗಲ್ಲ ಪುಟ್ಟಿ."

"ಮೇಡಂ ಎತ್ತಿದಾಗ ಬಂತಲ್ಲ."

"ಅದು ಅವರು ಎತ್ತಿದ್ದು."

"ಹೆದರಿಕೆ," ಎಂದೆ. "ಏಣಿ ದಿನದ ಹಾಗೆ."

ಕೊರಳಿಗೆ ಕಟ್ಟಿದ್ದ ಜೋಳಿಗೆಯಿಂದ ಕೈ ಬಿಡಿಸಿ ಮೊಣಕೈ ಹಿಡಿದು ಎತ್ತಿದೆ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. "ಬಿಡು ಪುಟ್ಟಿ," ಎಂದ. ನಾನು ಬಿಡಲಿಲ್ಲ. ಎದೆಯ ಮಟ್ಟ ದಾಟಿಸಿದೆ. "ಬಿಡೇ... ನೋಯ್ತಿದೆ..." ಇನ್ನೂ ಸ್ವಲ್ಪ ಎತ್ತಿದೆ. ಅವನು ನನ್ನ ಮುಖವನ್ನೇ ನೋಡಿದ, ಕನ್ನಡಿಯಲ್ಲಿ ನೋಡಿದ್ದನಲ್ಲ, ಹಾಗೆ.

"ಸಾಕು," ಎಂದ. "ಸಾಕು ಕಣೇ."

ಕೂಡಲೇ ಬಿಟ್ಟೆ.

ಅಕ್ಟೋಬರ್ 4

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಜಿಮ್ಮಿಗೆ ಹೋದೆ. ಮಾಸ್ಟರ್ ಬೀಗ ತೆಗೆಯುತ್ತಿದ್ದರು. ವಿಷಯ ಹೇಳಿದೆ. ಅವರು ಕೀಲಿಯನ್ನು ಜೇಬಿಗಿಟ್ಟರು.

"ಪಾಪ, ಬಿಡಮ್ಮಾ. ಅವನು ಇನ್ನು ಬರೋದೇ ಇಲ್ವಲ್ಲ."

"ಮನೆಯಲ್ಲಿ ಅಂದರೂ ಅಂದದ್ದೇ, ಮಾಸ್ಟರ್."

ಅವರು ದಾರಿ ಬಿಟ್ಟರು. ದೀಪ ಹಾಕಿದೆ. ಅಣ್ಣನ ಫೋಟೊ ಮೇಲಿನ ಸಾಲಿನಲ್ಲಿದೆ, ಹಲ್ಲು ಬಿಟ್ಟುಕೊಂಡು ನಗುತ್ತಿದ್ದಾನೆ. ಆ ಮೊಳೆ ತುಂಬ ಎತ್ತರ. ತುದಿಗಾಲಲ್ಲಿ ನಿಂತು, ಕೈಯನ್ನು ತಲೆಯ ಮೇಲಕ್ಕೆ ಪೂರ್ತಿ ಚಾಚಿ, ತಿರುಗಿಸಿದೆ.

ಎಲ್ಲೂ ನೋಯಲಿಲ್ಲ.